ವಯಸ್ಸಾದವರಿಗೆ ಶುಗರ್‌ನಿಂದ ಕಾಲಿನ ತೊಂದರೆ, ನಿಜಕ್ಕೂ ಎಷ್ಟು ಜನಕ್ಕೆ ಇರುತ್ತೆ? ಹಾಸನ, ಚಿಕ್ಕಮಗಳೂರು ಕಡೆಯವರು ಹೇಳಿ

ಬೇಲೂರು_ಸೊಸೆ
ಎಲ್ರಿಗೂ ನಮಸ್ಕಾರ. ನಮ್ಮ ಮಾವನಿಗೆ 71 ವರ್ಷ, ಶುಗರ್ ಬಂದು ತುಂಬಾ ವರ್ಷ ಆಯ್ತು, ಮಾತ್ರೆ ತಪ್ಪಿಸಲ್ಲ, ಬೆಳಗ್ಗೆ ವಾಕಿಂಗ್ ಕೂಡ ಮಾಡ್ತಾರೆ. ಮೊನ್ನೆ ತೋಟದಿಂದ ಬಂದು ಜಗಲಿ ಮೇಲೆ ಕೂತಾಗ ಅಂಗಾಲಲ್ಲಿ ರಕ್ತ ಕಾಣಿಸ್ತು, ನೋಡಿದ್ರೆ ಇಷ್ಟುದ್ದ ಮುಳ್ಳು ಚಪ್ಪಲಿ ತೂರಿ ಒಳಗೆ ಹೋಗಿ ಮುರ್ಕೊಂಡಿದೆ, ಅವರು ಅದರ ಮೇಲೇ ನಡ್ಕೊಂಡು ಬಂದಿದಾರೆ, ನೋವೇ ಇಲ್ವಂತೆ. ಡಾಕ್ಟ್ರು ಮುಳ್ಳು ತೆಗೆದು ಡ್ರೆಸಿಂಗ್ ಮಾಡಿ, ಪಾದದ ಸ್ಪರ್ಶ ಹೋಗಿದೆ, ವಯಸ್ಸಾದ ಶುಗರ್ ಪೇಶೆಂಟ್‌ಗಳಲ್ಲಿ ಇದು ಬಹಳ ಕಾಮನ್ ಅಂದ್ರು. ಹೊರಗೆ ಕ್ಯೂ ಜಾಸ್ತಿ ಇತ್ತು, ಹೆಚ್ಚಿಗೆ ಕೇಳೋಕಾಗ್ಲಿಲ್ಲ. ಬಹಳ ಕಾಮನ್ ಅಂದ್ರೆ ಎಷ್ಟು, ನೂರಕ್ಕೆ ಹತ್ತಾ, ಐವತ್ತಾ? ಅಷ್ಟು ಕಾಮನ್ ಆಗಿದ್ರೆ ಇಷ್ಟು ವರ್ಷದಲ್ಲಿ ಒಬ್ರೂ ಅವರ ಕಾಲು ಯಾಕೆ ನೋಡಿಲ್ಲ? ಗೊತ್ತಿರೋರು ದಯವಿಟ್ಟು ಹೇಳಿ.

ಕಡೂರು_ತೆಂಗು
ಮುಳ್ಳು ತೆಗ್ಸಿದೀರಲ್ಲ, ಒಳ್ಳೇದಾಯ್ತು. ಆದ್ರೆ ಕಾಮನ್ ಅನ್ನೋ ಮಾತು ನಾನು ಒಪ್ಪಲ್ಲ ಕಣಮ್ಮ. ನಮ್ಮೂರಲ್ಲಿ ಮನೆಗೊಬ್ರಿಗೆ ಶುಗರ್ ಐತೆ, ಕಾಲು ತೆಗ್ಸಿರೋರು ಅಂತ ನಂಗೆ ಗೊತ್ತಿರೋದು ಒಬ್ರೇ, ಅವರೂ ಬೀಡಿ ಬಿಡ್ದೆ ಸೇದೋರು. ಸುಮ್ನೆ ವಯಸ್ಸಾದೋರ್ನ ಹೆದರಿಸಬಾರ್ದು, ಮೊದ್ಲೇ ಅನ್ನ ಬಿಡ್ಸಿ ಕೂರ್ಸಿರ್ತಾರೆ.

ಹಾಸನ_ಸಿಸ್ಟರ್
ನಾನು ಹಾಸನದಲ್ಲಿ ಸರ್ಜಿಕಲ್ ವಾರ್ಡಲ್ಲಿ ನರ್ಸ್ ಆಗಿದ್ದು ರಿಟೈರ್ ಆದವಳು, ಸ್ವಲ್ಪ ಉದ್ದ ಬರೀತೀನಿ ಬೇಜಾರು ಮಾಡ್ಕೋಬೇಡಿ.

ಕಾಲಿನ ತೊಂದರೆ ಅಂದ ತಕ್ಷಣ ಎಲ್ಲರ ತಲೆಗೂ ಬರೋದು ಕಾಲು ತೆಗೆಯೋದು. ಅದು ಕಡೇ ಮೆಟ್ಟಿಲು. ಮೊದಲು ನರ ಹಾಳಾಗಿ ಸ್ಪರ್ಶ ಹೋಗುತ್ತೆ, ಕೆಲವರಿಗೆ ಜೋಮು, ಉರಿ, ರಾತ್ರಿ ಹೊತ್ತು ಇರುವೆ ಹರಿದ ಹಾಗೆ, ಇನ್ನು ಕೆಲವರಿಗೆ ಏನೂ ಇಲ್ದೆ ಸದ್ದಿಲ್ಲದೆ ಮರಗಟ್ಟುತ್ತೆ. ಇನ್ನೊಂದು ಕಡೆ ರಕ್ತನಾಳ ಕಿರಿದಾಗುತ್ತೆ. ಬೆವರು ನಿಂತು ಚರ್ಮ ಒಣಗುತ್ತೆ, ಹಿಮ್ಮಡಿ ಒಡೆಯುತ್ತೆ, ಬೆರಳು ಕೊಕ್ಕೆ ಥರ ಬಾಗಿ ಭಾರ ಎಲ್ಲಾ ಒಂದೇ ಕಡೆ ಬೀಳುತ್ತೆ, ಅಲ್ಲಿ ಆಣಿ ಕಟ್ಟುತ್ತೆ, ಆಣಿ ಅಡಿಯಲ್ಲಿ ಹುಣ್ಣಾಗುತ್ತೆ, ಹುಣ್ಣಿಗೆ ನಂಜು ಸೇರುತ್ತೆ. ಅದಕ್ಕೆ ಎಷ್ಟು ಜನಕ್ಕೆ ಅಂತ ಕೇಳಿದ್ರೆ, ಇದರಲ್ಲಿ ಯಾವ ಮೆಟ್ಟಿಲು ಅಂತ ಮೊದಲು ಕೇಳ್ಬೇಕಾಗುತ್ತೆ.

ಚೆನ್ನೈನಲ್ಲಿ ಆಸ್ಪತ್ರೆಗೆ ಬಂದವರನ್ನಲ್ಲ, ಊರಲ್ಲಿ ಇರೋ ಜನರನ್ನೇ ಆರಿಸಿ ಮಾಡಿದ ಅಧ್ಯಯನ ಇದೆ, ಕ್ಯೂರ್ಸ್ ಅಂತ. ಅದರಲ್ಲಿ ಶುಗರ್ ಇರೋರಲ್ಲಿ ಶೇ. 26 ಜನಕ್ಕೆ ನರದ ತೊಂದರೆ ಇತ್ತು. ಅದೇ ಊರಿನ ಇನ್ನೊಂದು ಅಧ್ಯಯನದಲ್ಲಿ ಕಾಲಿನ ರಕ್ತನಾಳದ ತೊಂದರೆ ಶುಗರ್ ಇರೋರಲ್ಲಿ ಶೇ. 6ರಷ್ಟು. ಇವೆರಡೂ ಬರೀ ಮುದುಕರ ಲೆಕ್ಕ ಅಲ್ಲ, ನಡುವಯಸ್ಸಿನವರೂ ಸೇರಿದಾರೆ, ವಯಸ್ಸು ಮತ್ತು ಶುಗರ್ ಬಂದ ವರ್ಷ ಎರಡೂ ಏರಿದ ಹಾಗೆ ಇದು ಏರುತ್ತಾ ಹೋಗುತ್ತೆ, ಶುಗರ್ ಇರೋರಲ್ಲಿ ಕೊನೆಗೆ ಅರ್ಧ ಜನಕ್ಕೆ ನರದ ತೊಂದರೆ ಬರಬಹುದು ಅಂತಾರೆ. ಇನ್ನು ಹುಣ್ಣಿನ ಮಾತು. ಪ್ರಪಂಚದ ಎಷ್ಟೋ ಅಧ್ಯಯನ ಒಟ್ಟು ಹಾಕಿ 2017ರಲ್ಲಿ ಬಂದ ಲೆಕ್ಕದಲ್ಲಿ ಶುಗರ್ ಇರೋರಲ್ಲಿ ಶೇ. 6.3 ಜನಕ್ಕೆ ಕಾಲಲ್ಲಿ ಹುಣ್ಣು, ಏಷ್ಯಾದಲ್ಲಿ ಶೇ. 5.5. ಜೀವಮಾನದಲ್ಲಿ ಒಂದಲ್ಲ ಒಂದು ಸಲ ಹುಣ್ಣಾಗೋದು ಶೇ. 19ರಿಂದ 34 ಜನಕ್ಕೆ.

ಕಾಲು ನೋಡ್ಲಿಲ್ಲ ಯಾಕೆ ಅಂತ ಕೇಳಿದ್ರಲ್ಲ. ಶುಗರ್ ರಿಪೋರ್ಟ್ ಕೈಯಲ್ಲಿ ಬರುತ್ತೆ, ಕಾಲು ಚಪ್ಪಲಿಯಲ್ಲಿ ಬರುತ್ತೆ, ಎರಡು ನಿಮಿಷದ ಕನ್ಸಲ್ಟೇಶನ್‌ನಲ್ಲಿ ಕಾಗದ ನೋಡ್ತಾರೆ ಅಷ್ಟೆ. ನೀವೇ ಒಳಗೆ ಹೋದ ಕೂಡ್ಲೆ ಚಪ್ಪಲಿ ಕಳಚಿ, ಸಾಕ್ಸ್ ತೆಗೆದು ಕೂರ್ಸಿ, ಡಾಕ್ಟ್ರೆ ಕಾಲು ನೋಡಿ ಅಂತ ಬಾಯಿಬಿಟ್ಟು ಕೇಳಿ.

ಬೇಲೂರು_ಸೊಸೆ
ಸಿಸ್ಟರ್ ತುಂಬಾ ಥ್ಯಾಂಕ್ಸ್. ನಾಲ್ಕರಲ್ಲಿ ಒಬ್ರಿಗೆ ಸ್ಪರ್ಶ ಹೋಗಿರುತ್ತೆ ಅಂದ್ರೆ ನಮ್ಮ ಬೀದಿಯಲ್ಲೇ ಎಷ್ಟು ಜನ ಇರ್ಬೇಕು...

ಮೂಡಿಗೆರೆ_ತೋಟ
ನಮ್ಮ ಕಡೆ ಮಳೆಗಾಲದಲ್ಲಿ ಎಂತ ಆಗ್ತದೆ ಅಂತ ಹೇಳ್ತೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾಲು ಒಣಗೋದೇ ಇಲ್ಲ ಮಾರಾಯ್ರೆ, ಗಂಬೂಟು ಹಾಕಿದ್ರೆ ಒಳಗೆ ನೀರು, ಹಾಕದಿದ್ರೆ ಜಿಗಣೆ. ಬೆರಳ ಸಂದಿ ಬೆಳ್ಳಗಾಗಿ ಬಿಟ್ಕೊಂಡು ಕೆಸರುಹುಣ್ಣು ಆಗ್ತದೆ, ಪ್ರಾಯದವರಿಗೆ ತುರಿಕೆ ಬಂದು ಗೊತ್ತಾಗ್ತದೆ, ಶುಗರ್ ಇರೋ ಹಿರಿಯರಿಗೆ ತುರಿಕೆನೂ ಇಲ್ಲ. ಜಿಗಣೆ ಕಚ್ಚಿದ ಜಾಗ ಕೆರೆದು ಗಾಯ ಆದದ್ದು ನಂಜಾಗಿ ಮೊಣಕಾಲವರೆಗೆ ಬಾತುಕೊಂಡದ್ದನ್ನ ನಮ್ಮ ಲೈನ್‌ಮನೆಯ ಒಬ್ಬರು ಅಜ್ಜಿಯಲ್ಲಿ ನೋಡಿದ್ದೇನೆ. ಸಂಜೆ ಚಳಿಗೆ ಒಲೆ ಮುಂದೆ ಕೂತು ಕಾಲು ಕಾಯಿಸೋದು ಇನ್ನೂ ಅಪಾಯ, ಬಿಸಿ ಹತ್ತಿದ್ದೇ ಗೊತ್ತಾಗುದಿಲ್ಲ, ಬೆಳಗ್ಗೆ ನೋಡಿದ್ರೆ ಹೆಬ್ಬೆರಳಿಗೆ ಬೊಬ್ಬೆ. ಬಚ್ಚಲು ಹಂಡೆ ನೀರೂ ಅಷ್ಟೆ. ಈಗ ನಮ್ಮ ಮನೆಯಲ್ಲಿ ಅಪ್ಪಯ್ಯನ ನೀರು ಬೇರೆಯವರು ಮೊಣಕೈ ಅದ್ದಿ ನೋಡಿದ ಮೇಲೇ ಅವರು ಕಾಲಿಗೆ ಹೊಯ್ಕೊಳ್ಳೋದು.

ಆಸ್ಪತ್ರೆ ದೂರ ಅಂತ ಅಲ್ಲ, ಮಳೆಗಾಲದಲ್ಲಿ ಮರ ಬಿದ್ದು ರಸ್ತೆ ಬಂದ್ ಆದ್ರೆ ಎರಡು ದಿನ ತಡ ಆಗ್ತದೆ, ಈ ಕಾಲಿನ ನಂಜಿಗೆ ಎರಡು ದಿನ ಅಂದ್ರೆ ಸಣ್ಣ ಹೊತ್ತಲ್ಲ.

ಅರಸೀಕೆರೆ_ಮೇಷ್ಟ್ರು
ಕಡೂರಿನ ಅಣ್ಣ ಹೇಳಿದ್ದನ್ನ ಸುಮ್ನೆ ತಳ್ಳಿಹಾಕೋ ಹಾಗಿಲ್ಲ, ಕಣ್ಣಿಗೆ ಕಾಣೋದು ಅಷ್ಟೇ ಇರುತ್ತೆ. ಆದ್ರೆ ಲೆಕ್ಕ ಹಾಕೋ ರೀತಿ ನೋಡೋಣ.

ಲಾಸಿ ಅಂತ ದೇಶದ ಹಿರಿಯರ ಮೇಲೆ 2017-19ರಲ್ಲಿ ದೊಡ್ಡ ಸರ್ವೆ ಆಯ್ತು. ಅದರ ರಕ್ತಪರೀಕ್ಷೆ ಪ್ರಕಾರ 45 ದಾಟಿದವರಲ್ಲಿ ಐದರಲ್ಲಿ ಒಬ್ರಿಗೆ ಶುಗರ್, ಅವರಲ್ಲೂ ನೂರಕ್ಕೆ 40 ಜನಕ್ಕೆ ತಮಗೆ ಶುಗರ್ ಇದೆ ಅಂತಾನೇ ಗೊತ್ತಿರ್ಲಿಲ್ಲ. ಪಟ್ಟಣದಲ್ಲಿ ಜಾಸ್ತಿ, ಹಳ್ಳಿಯಲ್ಲಿ ಅದರ ಅರ್ಧ. ಈಗ ನಮ್ಮಂಥ ಒಂದು ಪಟ್ಟಣದ ಬಡಾವಣೆಯಲ್ಲಿ 45 ದಾಟಿದವರು 500 ಜನ ಅಂತ ಇಟ್ಕೊಳ್ಳಿ. ದೇಶದ ಸರಾಸರಿ ಹಿಡಿದ್ರೆ ನೂರು ಜನಕ್ಕೆ ಶುಗರ್. ಸಿಸ್ಟರ್ ಕೊಟ್ಟ ಚೆನ್ನೈ ಲೆಕ್ಕ ಹಾಕಿದ್ರೆ ಸುಮಾರು 26 ಜನಕ್ಕೆ ಸ್ಪರ್ಶ ಕಮ್ಮಿ, 6 ಜನಕ್ಕೆ ರಕ್ತದ ಓಡಾಟ ಕಮ್ಮಿ. ಹುಣ್ಣು ಇರೋರು ಶೇ. 5ರ ಆಸುಪಾಸು ಅಂದ್ರೆ ಐದಾರು ಜನ, ಅದೂ ಕಮ್ಮಿನೇ ಇರಬಹುದು ಯಾಕಂದ್ರೆ ಆ ಹುಣ್ಣಿನ ಅಧ್ಯಯನಗಳಲ್ಲಿ ಬಹುಪಾಲು ಆಸ್ಪತ್ರೆಗೆ ಬಂದವರನ್ನ ಎಣಿಸಿ ಮಾಡಿದ್ದು. ಇಂಗ್ಲೆಂಡಿನಲ್ಲಿ ಊರೂರಿನ ಶುಗರ್ ಪೇಶೆಂಟ್‌ಗಳನ್ನ, ಹತ್ತಿರ ಹತ್ತಿರ ಹತ್ತು ಸಾವಿರ ಜನರನ್ನ ಹಿಂಬಾಲಿಸಿ ನೋಡಿದಾಗ ವರ್ಷಕ್ಕೆ ಹೊಸದಾಗಿ ಹುಣ್ಣಾಗಿದ್ದು ನೂರಕ್ಕೆ ಎರಡು ಜನಕ್ಕೆ. ಹಾಗಾಗಿ ಯಾರಾದ್ರೂ ಒಂದೇ ಒಂದು ಶೇಕಡಾ ಹೇಳಿದ್ರೆ, ಎಲ್ಲಿ ಎಣಿಸಿದ್ದು, ಏನನ್ನ ಎಣಿಸಿದ್ದು ಅಂತ ಎರಡು ಪ್ರಶ್ನೆ ಕೇಳಿ.

ಇನ್ನು ಊರಲ್ಲಿ ಕಾಲು ತೆಗ್ಸಿದವರು ಒಬ್ರೇ ಯಾಕೆ ಕಾಣ್ತಾರೆ? ಅಣ್ಣ, ನೀವು ಎಣಿಸ್ತಿರೋದು ಬದುಕಿರೋರನ್ನ. ಕಾಲಲ್ಲಿ ಹುಣ್ಣಾದವರಲ್ಲಿ ಐದು ವರ್ಷದೊಳಗೆ ಶೇ. 30ರಷ್ಟು ಜನ ತೀರಿಕೊಳ್ತಾರೆ, ಪಾದಕ್ಕಿಂತ ಮೇಲೆ ಕಾಲು ತೆಗ್ಸಿದವರಲ್ಲಿ ಶೇ. 70ಕ್ಕೂ ಹೆಚ್ಚು. 2023ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬಂದ ಅಂಕಿ ಇದು. ಸತ್ತಾಗ ಊರವರು ಹಾರ್ಟ್ ಅಂತಾರೆ, ಕಿಡ್ನಿ ಅಂತಾರೆ, ಅದೂ ಸುಳ್ಳಲ್ಲ, ಅದೇ ಶುಗರ್ ಅಲ್ಲೂ ಕೆಲಸ ಮಾಡಿರುತ್ತೆ. ಆದ್ರೆ ಎರಡು ವರ್ಷದ ಹಿಂದೆ ಅವರ ಕಾಲಲ್ಲಿ ಹುಣ್ಣಿತ್ತು ಅನ್ನೋದು ಯಾರ ನೆನಪಲ್ಲೂ ಉಳಿಯಲ್ಲ, ಲೆಕ್ಕಕ್ಕೆ ಬರೋದೇ ಇಲ್ಲ.

ಕಡೂರು_ತೆಂಗು
ಮೇಷ್ಟ್ರೇ ಈ ಕೊನೇ ಮಾತು ನಾನು ಯೋಚ್ನೆ ಮಾಡಿರ್ಲಿಲ್ಲ. ನಮ್ಮ ದೊಡ್ಡಪ್ಪ ಕಿಡ್ನಿ ಅಂತ ಹೋಗಿದ್ದು, ಅದಕ್ಕೆ ಮುಂಚೆ ಕಾಲಿಗೆ ಬಟ್ಟೆ ಸುತ್ಕೊಂಡೇ ಓಡಾಡ್ತಿದ್ರು, ತಿಂಗಳಾನುಗಟ್ಲೆ. ಸರಿ, ಒಪ್ಕೋತೀನಿ. ಆದ್ರೂ ಒಂದು ಕೇಳ್ತೀನಿ, ಈ ಹುಣ್ಣು ಆದೋರೆಲ್ಲ ಕಾಲು ಕಳ್ಕೋತಾರಾ?

ಹಾಸನ_ಸಿಸ್ಟರ್
ಇಲ್ಲ ಅಣ್ಣ, ಬಹಳಷ್ಟು ಹುಣ್ಣು ವಾಸಿ ಆಗುತ್ತೆ. ಹುಣ್ಣಾದವರಲ್ಲಿ ಅರ್ಧಕ್ಕೆ ನಂಜಾಗುತ್ತೆ, ನಂಜು ಜೋರಾದವರಲ್ಲಿ ಐದರಲ್ಲಿ ಒಬ್ರಿಗೆ ಬೆರಳೋ ಪಾದವೋ ಕಾಲೋ ಏನಾದ್ರೂ ತೆಗೀಬೇಕಾಗಿ ಬರುತ್ತೆ. ತಿರುಗಿಸಿ ನೋಡಿದ್ರೆ ಇನ್ನೊಂದು ವಿಷಯ ಇದೆ, ಶುಗರ್‌ನಿಂದ ಕಾಲು ತೆಗೆಸಿಕೊಂಡ ನೂರರಲ್ಲಿ 80 ಜನಕ್ಕೆ ಮೊದಲು ಇದ್ದಿದ್ದು ಒಂದು ಹುಣ್ಣು. ಗ್ಯಾಂಗ್ರೀನ್ ಆಕಾಶದಿಂದ ಬೀಳಲ್ಲ, ಅದಕ್ಕೆ ಮುಂಚೆ ವಾರಗಟ್ಟಲೆ ಯಾರಾದ್ರೂ ನೋಡಬಹುದಾಗಿದ್ದ ಗಾಯ ಇರುತ್ತೆ. ವಾಸಿ ಆಯ್ತು ಅಂತ ಬಿಡೋ ಹಾಗೂ ಇಲ್ಲ, ಒಂದು ವರ್ಷದಲ್ಲಿ ಶೇ. 40 ಜನಕ್ಕೆ ಮತ್ತೆ ಆಗುತ್ತೆ, ಯಾಕಂದ್ರೆ ಭಾರ ಬೀಳೋ ಜಾಗ ಅದೇ, ಚಪ್ಪಲಿ ಅದೇ.

ಬೇಲೂರು_ಸೊಸೆ
ಮನೆಯಲ್ಲೇ ಸ್ಪರ್ಶ ಪರೀಕ್ಷೆ ಮಾಡೋಕಾಗುತ್ತಾ ಸಿಸ್ಟರ್? ಅತ್ತೆಗೂ ಶುಗರ್ ಇದೆ, ಅವರದ್ದೂ ನೋಡ್ಬೇಕು.

ಹಾಸನ_ಸಿಸ್ಟರ್
ಆಗುತ್ತಮ್ಮ. ಆಸ್ಪತ್ರೆಯಲ್ಲಿ ಮಾನೋಫಿಲಮೆಂಟ್ ಅಂತ ಗಾಳದ ದಾರದ ಥರ ನೈಲಾನ್ ಎಳೆ ಇರುತ್ತೆ, ಒತ್ತಿದ್ರೆ 10 ಗ್ರಾಂ ಭಾರಕ್ಕೆ ಬಾಗುತ್ತೆ, ಅದರಲ್ಲಿ ಅಂಗಾಲು ಮುಟ್ಟಿ ಗೊತ್ತಾಯ್ತಾ ಅಂತ ಕೇಳ್ತಾರೆ, ಟ್ಯೂನಿಂಗ್ ಫೋರ್ಕ್ ಇಟ್ಟು ಅದುರೋದು ಗೊತ್ತಾಗುತ್ತಾ ನೋಡ್ತಾರೆ. ಮನೆಗೆ ಇಪ್ಸ್‌ವಿಚ್ ಟಚ್ ಟೆಸ್ಟ್ ಸಾಕು, ಏನೂ ಸಾಮಾನು ಬೇಡ. ಅತ್ತೇನ ಮಲಗಿಸಿ ಕಣ್ಣು ಮುಚ್ಚೋಕೆ ಹೇಳಿ. ಮುಟ್ಟಿದ್ದು ಗೊತ್ತಾದಾಗ ಬಲ ಅಥವಾ ಎಡ ಅಂತ ಹೇಳ್ಬೇಕು. ನಿಮ್ಮ ತೋರುಬೆರಳಿನ ತುದಿಯಲ್ಲಿ ಅವರ ಹೆಬ್ಬೆರಳು, ನಡುಬೆರಳು, ಕಿರುಬೆರಳಿನ ತುದಿಯನ್ನ ಹಗುರಕ್ಕೆ ಒಂದೆರಡು ಸೆಕೆಂಡ್ ಮುಟ್ಟಿ, ಎರಡೂ ಕಾಲು ಸೇರಿ ಆರು ಜಾಗ. ಒತ್ತಬಾರದು, ತಟ್ಟಬಾರದು, ಒಂದು ಸಲ ಗೊತ್ತಾಗ್ಲಿಲ್ಲ ಅಂತ ಅದೇ ಬೆರಳನ್ನ ಮತ್ತೆ ಮುಟ್ಟಬಾರದು. ಆರರಲ್ಲಿ ಎರಡು ಅಥವಾ ಅದಕ್ಕಿಂತ ಜಾಸ್ತಿ ತಪ್ಪಿದ್ರೆ ಸ್ಪರ್ಶ ಹೋಗಿದೆ ಅಂತ ಇಟ್ಕೊಂಡು ಡಾಕ್ಟ್ರಿಗೆ ತೋರ್ಸಿ.

ಆಮೇಲೆ ಎಷ್ಟು ಸಲ ತೋರಿಸ್ಬೇಕು ಅನ್ನೋದಕ್ಕೆ ಅಂತರರಾಷ್ಟ್ರೀಯ ಮಾರ್ಗಸೂಚಿ ಇದೆ. ಸ್ಪರ್ಶ, ರಕ್ತದ ಓಡಾಟ ಎರಡೂ ಚೆನ್ನಾಗಿದ್ರೆ ವರ್ಷಕ್ಕೊಂದು ಸಲ. ಎರಡರಲ್ಲಿ ಒಂದು ಕೆಟ್ಟಿದ್ರೆ ಆರು ತಿಂಗಳಿಂದ ವರ್ಷದೊಳಗೆ. ಎರಡೂ ಕೆಟ್ಟಿದ್ರೆ, ಇಲ್ಲಾ ಒಂದು ಕೆಟ್ಟು ಜೊತೆಗೆ ಪಾದದ ಆಕಾರನೂ ಕೆಟ್ಟಿದ್ರೆ ಮೂರರಿಂದ ಆರು ತಿಂಗಳಿಗೆ. ಇವರಲ್ಲೇ ಮೊದಲು ಹುಣ್ಣಾಗಿ ವಾಸಿ ಆದವರು, ಬೆರಳು ತೆಗ್ಸಿರೋರು, ಕಿಡ್ನಿ ಪೂರ್ತಿ ಹೋಗಿರೋರು ಒಂದರಿಂದ ಮೂರು ತಿಂಗಳಿಗೊಮ್ಮೆ. ಗಾಯ ಇರೋವಾಗ ಈ ಲೆಕ್ಕ ಅಲ್ಲ, ಡಾಕ್ಟ್ರು ಹೇಳಿದ ದಿನ ಡ್ರೆಸಿಂಗ್‌ಗೆ ಹೋಗ್ಲೇಬೇಕು.

ಚಿಕ್ಕಮಗಳೂರು_ಚಪ್ಪಲಿ_ಅಂಗಡಿ
ನಮ್ಮದು ಅಪ್ಪನ ಕಾಲದಿಂದ ಚಪ್ಪಲಿ ಹೊಲಿಯೋ ಕೆಲಸ, ಅದಕ್ಕೆ ಚಪ್ಪಲಿ ಬಗ್ಗೆ ನಾನು ಹೇಳ್ತೀನಿ. ಶುಗರ್ ಇರೋರಿಗೆ ಎಂಸಿಆರ್ ಚಪ್ಪಲಿ ಅಂತಾರಲ್ಲ, ಅದು ಮೈಕ್ರೋ ಸೆಲ್ಯುಲಾರ್ ರಬ್ಬರ್. ಈ ಚಪ್ಪಲಿ ಮೊದಲು ಬಳಕೆಗೆ ಬಂದಿದ್ದು ಕುಷ್ಠರೋಗದವರಿಗೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಪಾಲ್ ಬ್ರಾಂಡ್ ಅಂತ ಸರ್ಜನ್ ಇದ್ರು, ಕುಷ್ಠದವರ ಕಾಲು ರೋಗದಿಂದ ಕೊಳೆಯೋದಲ್ಲ, ನೋವು ಗೊತ್ತಾಗದೆ ಅದೇ ಜಾಗದ ಮೇಲೆ ನಡೆದು ನಡೆದು ಹುಣ್ಣಾಗೋದು ಅಂತ ತೋರಿಸಿದ್ದು ಅವರು. ಶುಗರ್ ಕಾಲಿನದ್ದೂ ಅದೇ ಕಥೆ.

ಅಂಗಡಿಗೆ ಬಂದು ಮೆತ್ತಗಿರೋದು ಕೊಡಿ ಅಂತಾರೆ. ಬರೀ ಮೆತ್ತಗಿದ್ರೆ ಸಾಲಲ್ಲ. ಒಳಗೆ ಮೆತ್ತನೆ ಎಂಸಿಆರ್, ಕೆಳಗೆ ಮುಳ್ಳು ತೂರದಂಥ ಗಟ್ಟಿ ಸೋಲ್, ಹಿಮ್ಮಡಿಗೆ ಪಟ್ಟಿ ಇರ್ಬೇಕು, ಇಲ್ದಿದ್ರೆ ಸ್ಪರ್ಶ ಇಲ್ಲದವರ ಕಾಲಿಂದ ಚಪ್ಪಲಿ ಜಾರಿ ಬಿದ್ರೂ ಅವರು ಹಾಗೇ ನಡೀತಾ ಇರ್ತಾರೆ, ನಾನೇ ಎಷ್ಟೋ ಸಲ ಕರೆದು ಕೊಟ್ಟಿದೀನಿ. ಹವಾಯಿ ಚಪ್ಪಲಿ ಬೇಡ, ಬೆರಳ ಸಂದಿಯ ಉಂಗುಷ್ಠ ಉಜ್ಜಿ ಉಜ್ಜಿ ಅಲ್ಲೇ ಗಾಯ ಆಗುತ್ತೆ. ಬೇಲೂರಿನ ಅಕ್ಕ, ನಿಮ್ಮ ಮಾವನಿಗೆ ಮುಳ್ಳು ತೂರಿದ್ದು ಹವಾಯಿ ಥರ ತೆಳು ಸೋಲ್‌ನಲ್ಲೇ ಇರ್ಬೇಕು. ಅಳತೆ ಸಂಜೆ ಹೊತ್ತು ಕೊಡಿ, ಬೆಳಗ್ಗೆಗಿಂತ ಸಂಜೆ ಕಾಲು ಸ್ವಲ್ಪ ಬಾತಿರುತ್ತೆ. ಬಿಗಿ ಇದ್ರೂ ಅವರಿಗೆ ಗೊತ್ತಾಗಲ್ಲ, ಸಡಿಲ ಇದ್ರೂ ಗೊತ್ತಾಗಲ್ಲ, ಅದಕ್ಕೆ ಸರಿ ಇದೆ ಅಂತ ಅವರ ಬಾಯಲ್ಲಿ ಕೇಳಿ ನಂಬಬೇಡಿ, ಒಂದು ಕಾಗದದ ಮೇಲೆ ನಿಲ್ಲಿಸಿ ಪಾದದ ಸುತ್ತ ಪೆನ್ಸಿಲ್ ಎಳೆದು ತನ್ನಿ. ಹಾಕ್ಕೊಳ್ಳೋ ಮುಂಚೆ ದಿನಾ ಒಳಗೆ ಕೈ ಹಾಕಿ ನೋಡ್ಬೇಕು, ಸಣ್ಣ ಕಲ್ಲು, ಮೊಳೆ ತುದಿ, ನಮ್ಮ ಕಡೆ ಕಾಫಿ ಬೀಜ ಕೂಡ ಸಿಗುತ್ತೆ.

ಸಕಲೇಶಪುರ_ರವೆ
ಹೆಬ್ಬೆರಳಿನ ಆಣಿಗೆ ಮೆಡಿಕಲ್‌ನಲ್ಲಿ ಸಿಗೋ ಕಾರ್ನ್ ಕ್ಯಾಪ್ ಹಚ್ಚಬಹುದಾ? ಅಮ್ಮ ಬ್ಲೇಡಲ್ಲಿ ಕೆರೀತಾರೆ, ಬೇಡ ಅಂದ್ರೂ ಕೇಳಲ್ಲ.

ಹಾಸನ_ಸಿಸ್ಟರ್
ಎರಡೂ ಬೇಡ. ಕಾರ್ನ್ ಕ್ಯಾಪ್‌ನಲ್ಲಿ ಇರೋ ಆಸಿಡ್ ಆಣಿ ಜೊತೆ ಒಳ್ಳೇ ಚರ್ಮಾನೂ ಸುಡುತ್ತೆ, ಸ್ಪರ್ಶ ಇಲ್ಲದವರಿಗೆ ಉರಿ ಗೊತ್ತಾಗಲ್ಲ. ಆಣಿ ತೆಗೆಸ್ಬೇಕು ನಿಜ, ಅದರ ಅಡಿಯಲ್ಲೇ ಹುಣ್ಣು ಅಡಗಿರುತ್ತೆ, ಆದ್ರೆ ಡಾಕ್ಟ್ರ ಹತ್ರ. ಆಣಿಯೊಳಗೆ ಕಪ್ಪು ಅಥವಾ ಕೆಂಪು ಚುಕ್ಕೆ ಕಂಡ್ರೆ ರಕ್ತ ಇಳಿದಿದೆ ಅಂತ, ತಡ ಮಾಡ್ಬೇಡಿ.

ಸಕಲೇಶಪುರ_ರವೆ
ಸರಿ ಸಿಸ್ಟರ್. ಇನ್ನೊಂದು, ನಮ್ಮ ಚಿಕ್ಕಪ್ಪನಿಗೆ ಒಂದು ಪಾದ ಕೆಂಪಗೆ ಬಿಸಿಯಾಗಿ ಬಾತಿತ್ತು, ಗಾಯ ಏನೂ ಇಲ್ಲ, ಅಷ್ಟು ನೋವೂ ಇಲ್ಲ. ಒಂದು ಕಡೆ ಯೂರಿಕ್ ಆಸಿಡ್ ಅಂದ್ರು, ಇನ್ನೊಂದು ಕಡೆ ಆಂಟಿಬಯಾಟಿಕ್ ಕೊಟ್ರು, ಅವರು ಓಡಾಡ್ತಾನೇ ಇದ್ರು, ಕೊನೆಗೆ ಬೆಂಗಳೂರಲ್ಲಿ ತೋರಿಸಿದಾಗ ಪಾದದ ಮೂಳೆ ಕುಸಿದು ಅಡಿ ದುಂಡಗಾಗಿತ್ತು. ಶಾರ್ಕೋ ಫೂಟ್ ಅಂದ್ರು. ಇದೂ ಇದೇ ಲೆಕ್ಕದಲ್ಲಿ ಬರುತ್ತಾ?

ಹಾಸನ_ಸಿಸ್ಟರ್
ಬರುತ್ತೆ. ಹುಣ್ಣಿನಷ್ಟು ಕಾಮನ್ ಅಲ್ಲ, ಆದ್ರೆ ಗುರುತಿಸೋದು ತಪ್ಪೋದೇ ಜಾಸ್ತಿ. ಸ್ಪರ್ಶ ಇಲ್ಲದ ಕಾಲಲ್ಲಿ ಸಣ್ಣ ಸಣ್ಣ ಮೂಳೆ ಮುರಿದಿರುತ್ತೆ, ನೋವಿಲ್ದೆ ನಡೀತಾ ಇರ್ತಾರೆ, ನಡೆದಷ್ಟೂ ಕುಸಿಯುತ್ತೆ. ಎಲ್ಲರೂ ಇದನ್ನ ನೆನಪಿಟ್ಕೊಳ್ಳಿ, ಶುಗರ್ ಇರೋರ ಒಂದೇ ಪಾದ ಇನ್ನೊಂದಕ್ಕಿಂತ ಬಿಸಿಯಾಗಿ ಬಾತಿದ್ರೆ ಗಾಯ ಇಲ್ದೆ ಇದ್ರೂ ಮೊದಲು ನಡೆಯೋದು ನಿಲ್ಲಿಸಿ. ಎರಡು ಪಾದಕ್ಕೂ 2 ಡಿಗ್ರಿ ಸೆಲ್ಸಿಯಸ್ ವ್ಯತ್ಯಾಸ ಇದ್ರೆ ಅದು ಸುಮ್ನೆ ಅಲ್ಲ, ಕೈ ಹಿಂಭಾಗದಿಂದ ಮುಟ್ಟಿ ನೋಡಿದ್ರೂ ಬಿಸಿ ಗೊತ್ತಾಗುತ್ತೆ. ಎಕ್ಸ್‌ರೇ ಶುರುವಿನಲ್ಲಿ ಸರಿಯಾಗೇ ಕಾಣಬಹುದು, ಅಷ್ಟಕ್ಕೇ ಸಮಾಧಾನ ಮಾಡ್ಕೋಬೇಡಿ. ಪಾದಕ್ಕೆ ಅಂಟಿದ ಹಾಗೆ ಪ್ಲಾಸ್ಟರ್ ಕಟ್ಟಿ ಭಾರ ಇಳಿಸಿ ತಿಂಗಳುಗಟ್ಟಲೆ ಕಾಯೋದೇ ಚಿಕಿತ್ಸೆ.

ಮೂಡಿಗೆರೆ_ತೋಟ
ಸೊಪ್ಪು ಅರೆದು ಕಟ್ಟೋದರ ಬಗ್ಗೆ ಎಂತ ಹೇಳ್ತೀರಿ? ನಮ್ಮಲ್ಲಿ ಗಾಯ ಆದ್ರೆ ಮೊದಲು ಹೋಗೋದು ನಾಟಿ ಔಷಧಿಗೆ. ಕೊಡೋರು ಒಳ್ಳೆಯವರು, ದುಡ್ಡೂ ತಗೊಳ್ಳುದಿಲ್ಲ, ಅವರ ಮೇಲೆ ನನಗೆ ಗೌರವ ಇದೆ.

ಹಾಸನ_ಸಿಸ್ಟರ್
ನನಗೂ ಗೌರವ ಇದೆ. ಆದ್ರೆ ಶುಗರ್ ಕಾಲಿನ ಹುಣ್ಣಲ್ಲಿ ಮೇಲಿನ ಬಾಯಿ ಚಿಕ್ಕದು, ಒಳಗೆ ಮೂಳೆವರೆಗೆ ಹೋಗಿರಬಹುದು. ಸೊಪ್ಪು ಮುಚ್ಚಿ ಕಟ್ಟಿದ್ರೆ ಒಳಗೆ ಏನಾಗ್ತಿದೆ ಅಂತ ಯಾರಿಗೂ ಕಾಣಲ್ಲ, ಆ ದಿನಗಳೇ ಕಾಲನ್ನ ಕಳೆಯೋದು. ವಾರ್ಡಿಗೆ ತಡವಾಗಿ ಬಂದವರ ಪಾದದ ಕಟ್ಟು ಬಿಚ್ಚಿದಾಗ ಬರೋ ವಾಸನೆ ನನಗೆ ಇವತ್ತಿಗೂ ಮರೆಯೋಕೆ ಆಗಿಲ್ಲ. ಬಿಸಿನೀರಲ್ಲಿ ಉಪ್ಪು ಹಾಕಿ ಕಾಲು ನೆನೆಸೋದೂ ಬೇಡ, ಚರ್ಮ ಮೆತ್ತಗಾಗಿ ಇನ್ನೂ ಬಿಟ್ಕೊಳ್ಳುತ್ತೆ. ಶುದ್ಧ ನೀರಲ್ಲಿ ತೊಳೆದು, ಶುದ್ಧ ಬಟ್ಟೆ ಮುಚ್ಚಿ, ಅದೇ ದಿನ ತೋರ್ಸಿ. ಕೆಂಪು ಹರಡ್ತಿದ್ರೆ, ಕೀವು ವಾಸನೆ ಬಂದ್ರೆ, ಜ್ವರ ಚಳಿ ಬಂದ್ರೆ, ಬೆರಳು ಕಪ್ಪಾದ್ರೆ ರಾತ್ರಿ ಆದ್ರೂ ಕಾಯ್ಬೇಡಿ. ಹಾಸನದಲ್ಲಿ ಹಿಮ್ಸ್ ಅಂತ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಇದೆ, ಚಿಕ್ಕಮಗಳೂರಲ್ಲಿ ಜಿಲ್ಲಾಸ್ಪತ್ರೆ ಇದೆ, ದಿನನಿತ್ಯದ ಶುಗರ್ ಚೆಕಪ್‌ಗೆ ತಾಲ್ಲೂಕು ಆಸ್ಪತ್ರೆಯಲ್ಲಿ ಶುಗರ್, ಬಿಪಿ ಥರ ಅಂಟದ ಕಾಯಿಲೆ ನೋಡೋ ಎನ್‌ಸಿಡಿ ಕ್ಲಿನಿಕ್‌ನಲ್ಲಿ ಕೇಳಿ.

ಅರಸೀಕೆರೆ_ಮೇಷ್ಟ್ರು
ಒಂದು ಸೇರಿಸ್ತೀನಿ. ದಿನಾ ನಿಮ್ಮ ಪಾದ ನೀವೇ ನೋಡ್ಕೊಳ್ಳಿ ಅಂತ ಎಲ್ಲಾ ಕರಪತ್ರದಲ್ಲೂ ಬರೆದಿರುತ್ತೆ. 75 ವರ್ಷದವರು ಸೊಂಟ ಬಗ್ಗಿಸಿ ಅಂಗಾಲು ನೋಡೋಕಾಗುತ್ತಾ? ಮಂಡಿ ನೋವು, ಕಣ್ಣಿಗೆ ಪೊರೆ, ಶುಗರ್‌ನಿಂದ ಅಕ್ಷಿಪಟಲ ಬೇರೆ ಹಾಳಾಗಿರುತ್ತೆ. ಮಕ್ಕಳು ಬೆಂಗಳೂರಲ್ಲಿ, ಊರಲ್ಲಿ ಇಬ್ಬರೇ ಮುದುಕರು, ಇದು ನಮ್ಮ ಜಿಲ್ಲೆಯ ಎಷ್ಟು ಮನೆ ಕಥೆ. ಅದಕ್ಕೆ ನೋಡೋದು ಮನೆಯ ಇನ್ನೊಬ್ರ ಕೆಲಸ ಆಗ್ಬೇಕು, ಇಲ್ಲಾ ನೆಲದ ಮೇಲೆ ಕನ್ನಡಿ ಇಟ್ಟು ಮೇಲೆ ಪಾದ ಹಿಡಿದು ನೋಡ್ಬೇಕು. ಮನೆಗೆ ಬಿಪಿ ಶುಗರ್ ನೋಡೋಕೆ ಬರೋ ಆಶಾ ಕಾರ್ಯಕರ್ತೆಯರಿಗೆ ಆ ಟಚ್ ಟೆಸ್ಟ್ ಕಲಿಸಿದ್ರೆ ಎಷ್ಟು ಜನ ಉಳೀತಾರೆ ಅನ್ಸುತ್ತೆ, ಖರ್ಚೇ ಇಲ್ಲದ ಪರೀಕ್ಷೆ ಅದು.

ಬೇಲೂರು_ಸೊಸೆ
ಟೆಸ್ಟ್ ಮಾಡಿದ್ವಿ. ಮಾವನಿಗೆ ಆರರಲ್ಲಿ ಗೊತ್ತಾಗಿದ್ದು ಒಂದೇ, ಅತ್ತೆಗೆ ಆರೂ ಗೊತ್ತಾಯ್ತು. ಅತ್ತೆಯ ಕಾಲುಂಗುರ ಮಾತ್ರ ಬಿಗಿಯಾಗಿ ಬೆರಳಲ್ಲಿ ಗೀರು ಬಿದ್ದಿತ್ತು, ಸಡಿಲ ಮಾಡಿಸ್ತಿದೀವಿ. ಈಗ ಒಂದು ಕಷ್ಟ, ಗಾಯ ವಾಸಿಯಾದ ಮೇಲೆ ಶ್ರವಣಬೆಳಗೊಳಕ್ಕೆ ಹೋಗ್ಬೇಕು ಅಂತ ಮಾವನ ಆಸೆ, ದೀಪಾವಳಿಗೆ ದೇವಿರಮ್ಮನ ಬೆಟ್ಟಕ್ಕೂ ಹೋಗೋರು ಅವರು. ಎರಡೂ ಕಡೆ ಬರಿಗಾಲು. ಬೇಡ ಅಂತ ಹೇಳೋಕೆ ಮನಸ್ಸು ಬರ್ತಿಲ್ಲ.

ಚಿಕ್ಕಮಗಳೂರು_ಚಪ್ಪಲಿ_ಅಂಗಡಿ
ದೇವಿರಮ್ಮನ ಬೆಟ್ಟ ಈ ಸಲ ಬೇಡ ಅಕ್ಕ. ಜಾರೋ ಮಣ್ಣು, ಚೂಪು ಕಲ್ಲು, ಸ್ಪರ್ಶ ಇರೋರ ಕಾಲೇ ಕಿತ್ತು ಬರುತ್ತೆ. ಕೆಳಗೆ ಬಿಂಡಿಗದ ದೇವಸ್ಥಾನದಲ್ಲೇ ಅಮ್ಮನ ದರ್ಶನ ಮಾಡಿಸಿ.

ಹಾಸನ_ಸಿಸ್ಟರ್
ಬೆಳಗೊಳದಲ್ಲಿ ವಿಂಧ್ಯಗಿರಿಗೆ ಆರುನೂರಕ್ಕೂ ಮಿಕ್ಕಿ ಮೆಟ್ಟಿಲು, ಹೊತ್ತೇರಿದ್ರೆ ಬಂಡೆ ಕಾದು ಕೆಂಡ ಆಗಿರುತ್ತೆ, ಬೇಸಿಗೆ ಮಧ್ಯಾಹ್ನ ಬೇಡವೇ ಬೇಡ. ಬೆಟ್ಟದ ಬುಡದಲ್ಲಿ ಸಾಕ್ಸ್ ಮಾರ್ತಾರೆ, ಆದ್ರೆ ಸ್ಪರ್ಶ ಹೋದ ಕಾಲಿಗೆ ಅದನ್ನ ನಂಬ್ಕೊಂಡು ಹತ್ತಿಸ್ಬೇಡಿ. ವಯಸ್ಸಾದವರಿಗೆ ಡೋಲಿ ಸಿಗುತ್ತೆ, ಅದರಲ್ಲೇ ಕೂರ್ಸಿ. ಬಾಗಿಲು ತೆಗೆಯೋ ಹೊತ್ತಿಗೇ ಹೋಗಿ, ದಪ್ಪ ಹತ್ತಿ ಸಾಕ್ಸ್ ಮನೆಯಿಂದಲೇ ಹಾಕಿಸಿ, ಬಿಳೀದು ಆದ್ರೆ ರಕ್ತ ಬಂದ್ರೆ ಕಾಣುತ್ತೆ. ಇಳಿದ ಮೇಲೆ ಸಾಕ್ಸ್ ತೆಗೆದು ಬೆರಳ ಸಂದಿ, ಹಿಮ್ಮಡಿ, ಅಂಗಾಲು ಮೂರೂ ನೋಡಿ, ರಾತ್ರಿ ಇನ್ನೊಂದು ಸಲ ನೋಡಿ, ಬೊಬ್ಬೆ ಮೇಲೇಳೋಕೆ ಸ್ವಲ್ಪ ಹೊತ್ತು ಬೇಕು. ಮುಳ್ಳಿನ ಗಾಯ ಪೂರ್ತಿ ಮುಚ್ಚಿದೆ ಅಂತ ಡಾಕ್ಟ್ರು ಹೇಳೋವರೆಗೆ ದಿನ ಗೊತ್ತು ಮಾಡ್ಬೇಡಿ.

ಕಡೂರು_ತೆಂಗು
ಸಿಸ್ಟರ್, ನಾಳೆ ನಮ್ಮ ಮನೇಲೂ ಆ ಟಚ್ ಟೆಸ್ಟ್ ಮಾಡ್ತೀನಿ, ನಮ್ಮಮ್ಮಂಗೆ 68. ಗೊತ್ತಾಗದಿದ್ರೆ ಕಡೂರಲ್ಲಿ ಮೊದ್ಲು ಯಾವ ಡಾಕ್ಟ್ರಿಗೆ ತೋರಿಸ್ಬೇಕು, ಶುಗರ್ ಡಾಕ್ಟ್ರಿಗಾ, ಸರ್ಜನ್‌ಗಾ?

ಹಾಸನ_ಸಿಸ್ಟರ್
ಗಾಯ ಇಲ್ದಿದ್ರೆ ಶುಗರ್ ನೋಡೋ ಫಿಸಿಶಿಯನ್‌ಗೆ. ಗಾಯ, ಬಾವು, ಬಣ್ಣ ಬದಲಾಗಿದ್ದು ಏನೇ ಇದ್ರೂ ನೇರ ಸರ್ಜನ್‌ಗೆ. ನಡೆದಾಗ ಮೀನಖಂಡ ಹಿಡಿದು ನಿಂತ್ರೆ ಸರಿ ಹೋಗುತ್ತೆ ಅಂತ ಅಮ್ಮ ಯಾವಾಗ್ಲಾದ್ರೂ ಹೇಳಿದ್ರೆ ಅದನ್ನೂ ತಪ್ಪದೆ ಹೇಳಿ ಅಣ್ಣ, ಅದು ರಕ್ತನಾಳದ್ದು, ಪಾದದ ನಾಡಿ ಹಿಡಿದು ನೋಡಿ ಬೇಕಾದ್ರೆ ರಕ್ತದ ಓಡಾಟ ನೋಡೋ ಡಾಪ್ಲರ್ ಸ್ಕ್ಯಾನ್ ಮಾಡಿಸ್ತಾರೆ.